ಅಭಯಾರಣ್ಯದ ಅಂಚಿನಲ್ಲಿ ಗುಡಿಸಲು, ಕಾಟೇಜು: ಯಾರಿಗೆ ಅನುಮತಿ, ಯಾರಿಗೆ ನಿಷೇಧ?

ಹಾವೇರಿ: ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನ ಊರುಗಳಲ್ಲಿ ವರ್ಷವಿಡೀ ನಿಲ್ಲದ, ಆದರೆ ಪ್ರತಿ ವರ್ಷವೂ ತಪ್ಪದೇ ಏಳುವ ಕೆಲವು ಕಟ್ಟಡಗಳಿವೆ. ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಹೊಲದ ಬದುವಿನಲ್ಲಿ ನಾಲ್ಕು ಕಂಬಗಳ ಮೇಲೆ ಕಾವಲಿನ ಅಟ್ಟಣೆ ಏಳುತ್ತದೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುವ ಕುರಿಗಾಹಿಗಳು ಕಂಬಳಿ, ತಾಡಪಾಲುಗಳ ಬಿಡಾರ ಹೂಡುತ್ತಾರೆ. ಬೇಸಿಗೆ ಬಂತೆಂದರೆ ಕಾಡಿನ ಬೆಂಕಿ ಕಾಯುವವರಿಗೂ ಒಂದು ನೆರಳು ಬೇಕಾಗುತ್ತದೆ. ಇವುಗಳ ಜೊತೆಗೆ, ರಾಜ್ಯದ ಇತರ ಕಾಡಂಚುಗಳಲ್ಲಿ ಈಗಾಗಲೇ ಬೇರೂರಿರುವ ಇನ್ನೊಂದು ಬಗೆಯೂ ಇದೆ: ನಗರದಿಂದ ಬಂದವರು ರಜೆಯ ತಿಂಗಳುಗಳಲ್ಲಿ ಮಾತ್ರ ತಂಗಲು, ಅಥವಾ ಅತಿಥಿಗಳಿಗೆ ಬಾಡಿಗೆಗೆ ಕೊಡಲು ನಿಲ್ಲಿಸುವ ಮರದ ಕೋಣೆ, ಟೆಂಟ್ ಮತ್ತು ಕಾಟೇಜು.

ನೋಡುವವರ ಕಣ್ಣಿಗೆ ಇವೆಲ್ಲ 'ತಾತ್ಕಾಲಿಕ'. ಕಾನೂನಿನ ಕಣ್ಣಿಗೆ ಹಾಗಲ್ಲ. 'ಸಿಮೆಂಟ್ ಬಳಸಿಲ್ಲ, ಮೂರು ತಿಂಗಳಲ್ಲಿ ಬಿಚ್ಚುತ್ತೇವೆ' ಎಂಬ ಸಮಜಾಯಿಷಿ ಅರಣ್ಯ ಭೂಮಿಯಲ್ಲಿ ರಕ್ಷಣೆ ನೀಡುವುದಿಲ್ಲ. ಭಾರತದ ಅರಣ್ಯ ಕಾನೂನುಗಳು ಕಟ್ಟಡ ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕಿಂತ, ಅದು ಯಾವ ಭೂಮಿಯಲ್ಲಿದೆ, ಯಾರು ಕಟ್ಟಿದರು, ಯಾವ ಉದ್ದೇಶಕ್ಕೆ ಕಟ್ಟಿದರು ಎಂಬ ಮೂರು ಪ್ರಶ್ನೆಗಳನ್ನು ಕೇಳುತ್ತವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಮಟ್ಟಿಗೆ ಈ ಪ್ರಶ್ನೆಗಳಿಗೆ ಉತ್ತರವೇನು ಎಂಬುದರ ವಿವರ ಇಲ್ಲಿದೆ.

119 ಚದರ ಕಿ.ಮೀ. ಬಯಲು

ರಾಣೆಬೆನ್ನೂರು ಪಟ್ಟಣದಿಂದ ಎಂಟು-ಹತ್ತು ಕಿ.ಮೀ. ದೂರದಲ್ಲಿರುವ ಈ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಲಾಯಿತು. ಆಗ ಇದು ಅವಿಭಜಿತ ಧಾರವಾಡ ಜಿಲ್ಲೆಯ ಭಾಗ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಒಟ್ಟು ವಿಸ್ತೀರ್ಣ 119 ಚದರ ಕಿ.ಮೀ. ಅದರಲ್ಲಿ ಮೂಲ ವಲಯ 14.87 ಚದರ ಕಿ.ಮೀ. ಮಾತ್ರ, ಉಳಿದದ್ದು ಅಂಚಿನ ವಲಯ ಮತ್ತು ಪ್ರವಾಸೋದ್ಯಮ ವಲಯ. ಪಶ್ಚಿಮ ಘಟ್ಟದ ದಟ್ಟ ಕಾಡನ್ನು ನಿರೀಕ್ಷಿಸಿ ಬರುವವರಿಗೆ ಇಲ್ಲಿ ನಿರಾಸೆಯಾದೀತು. ಕುರುಚಲು, ಹುಲ್ಲುಗಾವಲು, ನಡುವೆ ಸಾಲುಸಾಲು ನೀಲಗಿರಿ ನೆಡುತೋಪು. ಅವುಗಳ ಒತ್ತಿಗೆ ಹೊಲಗಳು.

ಕೃಷ್ಣಮೃಗಕ್ಕೆ ಈ ಭಾಗದ ಆಡುಮಾತಿನಲ್ಲಿ ಚಿಗರಿ ಎಂಬ ಹೆಸರು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ತ್ವರಿತ ಸಾರಿಗೆ ಬಸ್ಸುಗಳಿಗೂ ಇದೇ ಹೆಸರಿಟ್ಟಿದ್ದರಿಂದ ಈಗ ರಾಜ್ಯದ ಇತರೆಡೆಯವರಿಗೂ ಅದು ಪರಿಚಿತ. ಬಯಲಿನಲ್ಲಿ ಓಡಿ ಬದುಕುವ ಪ್ರಾಣಿ ಇದು; ಮರಗಳ ಮರೆ ಇದಕ್ಕೆ ಬೇಡ, ಕಣ್ಣಿಗೆ ದೂರದವರೆಗೆ ನೆಲ ಕಾಣಬೇಕು. ಎರೆಭೂತವೆಂದು ಕರೆಯುವ ಭಾರಿ ಗಾತ್ರದ ಹಕ್ಕಿಯೂ ಒಂದು ಕಾಲಕ್ಕೆ ಈ ಅಭಯಾರಣ್ಯದಲ್ಲಿ ಕಾಣಿಸುತ್ತಿತ್ತು. ತೋಳ, ನರಿ, ಕಾಡುಹಂದಿಗಳೂ ಇದೇ ನೆಲವನ್ನು ಹಂಚಿಕೊಂಡಿವೆ. ಇಂಥ ಬಯಲಿನಲ್ಲಿ ಒಂದು ಕಟ್ಟಡದ ಪರಿಣಾಮ ಅದರ ನಾಲ್ಕು ಗೋಡೆಗಳಿಗೆ ಸೀಮಿತವಲ್ಲ. ರಾತ್ರಿಯ ದೀಪ, ಜನರೇಟರ್ ಸದ್ದು, ಸುತ್ತಲಿನ ತಂತಿಬೇಲಿ, ಉಳಿದ ಅನ್ನಕ್ಕೆ ಬರುವ ನಾಯಿಗಳು ಇವೆಲ್ಲವೂ ಹಿಂಡಿನ ದಾರಿಯನ್ನು ಬದಲಿಸಬಲ್ಲವು. ಕಾಡಿನ ನಡುವೆ ಮರೆಯಾಗುವ ಕಾಟೇಜಿಗೂ ಬಯಲಿನಲ್ಲಿ ನಿಂತ ಕಾಟೇಜಿಗೂ ಇರುವ ಈ ವ್ಯತ್ಯಾಸವನ್ನು ನಿಯಮಗಳು ಪ್ರತ್ಯೇಕವಾಗಿ ಗುರುತಿಸಿಲ್ಲ ಎಂಬುದೇ ಒಂದು ಕೊರತೆ.

ಗಡಿಯ ಒಳಗೆ

ಅಭಯಾರಣ್ಯದ ಒಳಗಿನ ಯಾವುದೇ ಚಟುವಟಿಕೆಗೆ ಮೂಲ ಕಾನೂನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 27ನೇ ಕಲಮಿನ ಪ್ರಕಾರ ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ, ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಂದ ಒಳಗೆ ವಾಸಿಸುವವರು, ಒಳಗೆ ಸ್ಥಿರಾಸ್ತಿಯ ಮೇಲೆ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಹಾಗೂ ಇವರ ಅವಲಂಬಿತರನ್ನು ಬಿಟ್ಟರೆ ಉಳಿದವರು ಪರವಾನಗಿ ಇಲ್ಲದೆ ಪ್ರವೇಶಿಸುವಂತೆಯೇ ಇಲ್ಲ. ಪರವಾನಗಿಯನ್ನು ಯಾವ ಉದ್ದೇಶಕ್ಕೆ ಕೊಡಬಹುದು ಎಂಬುದನ್ನು 28ನೇ ಕಲಮು ಹೇಳುತ್ತದೆ: ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಂದಿಗೆ ನ್ಯಾಯಬದ್ಧ ವ್ಯವಹಾರ. ಪ್ರವಾಸಕ್ಕೆ ಸಿಗುವ ಪರವಾನಗಿ ಒಳಗೆ ಬಂದುಹೋಗುವುದಕ್ಕೆ, ಕಟ್ಟಿಕೊಂಡು ಕೂರುವುದಕ್ಕಲ್ಲ.

ಕಟ್ಟಡದ ವಿಷಯಕ್ಕೆ ಬಂದರೆ ಎರಡು ಕಲಮುಗಳು ಮುಖ್ಯ. ವನ್ಯಪ್ರಾಣಿಯ ಆವಾಸವನ್ನು 'ಯಾವುದೇ ಕೃತ್ಯದಿಂದ' ನಾಶಪಡಿಸುವುದನ್ನು, ಹಾನಿಗೊಳಿಸುವುದನ್ನು 29ನೇ ಕಲಮು ನಿಷೇಧಿಸುತ್ತದೆ. ವನ್ಯಜೀವಿಗಳ ಅಭಿವೃದ್ಧಿ ಮತ್ತು ಉತ್ತಮ ನಿರ್ವಹಣೆಗೆ ಅಗತ್ಯ ಎಂದು ಮನವರಿಕೆಯಾದಾಗ ಮಾತ್ರ ಇದಕ್ಕೆ ವಿನಾಯಿತಿ. 33ನೇ ಕಲಮಿನ ಪ್ರಕಾರ ರಸ್ತೆ, ಸೇತುವೆ, ಕಟ್ಟಡ, ಬೇಲಿಗಳನ್ನು ನಿರ್ವಹಣೆಗೆ ಬೇಕಾದಂತೆ ಮಾಡಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದ್ದು. ಆದರೆ ವಾಣಿಜ್ಯ ಉದ್ದೇಶದ ಪ್ರವಾಸಿ ವಸತಿಗೃಹ, ಹೋಟೆಲ್, ಮೃಗಾಲಯ, ಸಫಾರಿ ಪಾರ್ಕುಗಳನ್ನು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಇಲ್ಲದೆ ಕಟ್ಟುವಂತಿಲ್ಲ. 2022ರ ತಿದ್ದುಪಡಿ ಈ ಪಟ್ಟಿಗೆ ಸರ್ಕಾರಿ ವಸತಿಗೃಹಗಳನ್ನೂ ಸ್ಪಷ್ಟವಾಗಿ ಸೇರಿಸಿತು. ಖಾಸಗಿಯವರಿಗೆ ಮಾತ್ರ ಈ ನಿರ್ಬಂಧ, ಸರ್ಕಾರದ ಅತಿಥಿಗೃಹಕ್ಕೆ ಅನ್ವಯಿಸದು ಎಂಬ ವಾದಕ್ಕೆ ಅಲ್ಲಿಗೆ ತೆರೆ ಬಿದ್ದಿತು.

ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸಜೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ಮೊದಲು 25 ಸಾವಿರ ಇತ್ತು. ತಿದ್ದುಪಡಿ ಅದನ್ನು ಏರಿಸಿತು. ಅನಧಿಕೃತ ರಚನೆಗಳನ್ನು ತೆರವುಗೊಳಿಸುವ ಅಧಿಕಾರ 34-ಎ ಕಲಮಿನಡಿ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಗೆ ಇದೆ. ಅದಕ್ಕೆ ಮುನ್ನ ಬಾಧಿತರ ಅಹವಾಲು ಕೇಳಲೇಬೇಕು. ಬೆಳಗಾಗುವಷ್ಟರಲ್ಲಿ ಗುಡಿಸಲು ಕಿತ್ತೊಗೆಯುವ ಅಧಿಕಾರ ಯಾರಿಗೂ ಇಲ್ಲ.

ಗುಡಿಸಲಿನ ಹೊದಿಕೆಗೂ ಕಾನೂನು ತಟ್ಟುತ್ತದೆ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರ ಫೆಬ್ರುವರಿ 14ರಂದು ನೀಡಿದ ಆದೇಶವು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ ಮರ, ಒಣಗುತ್ತಿರುವ ಮರ, ಬಿದ್ದ ಮರ, ಹುಲ್ಲು ಯಾವುದನ್ನೂ ತೆಗೆಯದಂತೆ ತಡೆಯಿತು. ಅಂದರೆ ಮನೆಯ ಮಾಡಿಗೆ ಅಭಯಾರಣ್ಯದ ಹುಲ್ಲು ಕೊಯ್ದು ತರುವುದೂ, ಗೂಟಕ್ಕೆ ಬಿದ್ದ ಕೊಂಬೆ ಎತ್ತುವುದೂ ಪ್ರಶ್ನಾರ್ಹವಾಯಿತು. ಒಲೆಯ ವಿಷಯದಲ್ಲಿ ಮಾತ್ರ ಕಾಯ್ದೆಯ ಮಾತು ಕೊಂಚ ಮೆದು: ಅಭಯಾರಣ್ಯಕ್ಕೆ ಅಪಾಯವಾಗುವ ರೀತಿಯಲ್ಲಿ ಬೆಂಕಿ ಹಚ್ಚುವುದು, ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದು 30ನೇ ಕಲಮಿನಡಿ ಅಪರಾಧ. ಚಳಿಗಾಲ ಕಳೆದು ಹುಲ್ಲು ಒಣಗಿದ ಮೇಲೆ ಈ ಬಯಲಿನಲ್ಲಿ ಅಪಾಯವಾಗದ ಬೆಂಕಿ ಯಾವುದು ಎಂದು ಕೇಳಿದರೆ ಉತ್ತರ ಕಷ್ಟ.

'ಪರಿಸರ ಪ್ರವಾಸೋದ್ಯಮ' ಎಂಬ ಬಾಗಿಲು

ವನ್ಯಜೀವಿ ಕಾಯ್ದೆಯ ಜೊತೆಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅರಣ್ಯ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸುವಂತಿಲ್ಲ ಎಂಬುದು ಅದರ ತಿರುಳು. ಕಳ್ಳಬೇಟೆ ತಡೆ ಶಿಬಿರ, ತನಿಖಾ ಠಾಣೆ, ಬೆಂಕಿ ರೇಖೆ, ನೀರಿನ ಹೊಂಡ ಮುಂತಾದ ಸಂರಕ್ಷಣೆಯ ಕೆಲಸಗಳು ಅರಣ್ಯೇತರ ಎನಿಸುವುದಿಲ್ಲ. ಆದ್ದರಿಂದ ಅರಣ್ಯ ಕಾವಲುಗಾರರ ಬೇಸಿಗೆ ನೆರಳಿಗೆ ತೊಡಕಿಲ್ಲ.

2023ರ ತಿದ್ದುಪಡಿ ಈ ವಿನಾಯಿತಿಯ ಪಟ್ಟಿಯನ್ನು ಹಿಗ್ಗಿಸಿತು. ಕಾಯ್ದೆಯ ಹೆಸರೂ 'ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ' ಎಂದು ಬದಲಾಯಿತು. ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ಬಂತು. ಹೊಸ ಪಟ್ಟಿಯಲ್ಲಿ ಸರ್ಕಾರಿ ಒಡೆತನದ ಮೃಗಾಲಯ, ಸಫಾರಿಗಳ ಜೊತೆಗೆ, ಆಯಾ ಪ್ರದೇಶದ ಅರಣ್ಯ ಕಾರ್ಯಯೋಜನೆ ಅಥವಾ ವನ್ಯಜೀವಿ ನಿರ್ವಹಣಾ ಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮ ಸೌಲಭ್ಯಗಳೂ ಇವೆ. ಅಂದರೆ ಅರಣ್ಯದಲ್ಲಿ ಪ್ರವಾಸಿ ಸೌಲಭ್ಯ ಬರಬೇಕಾದರೆ ಮೊದಲು ಅದು ಇಲಾಖೆಯ ಯೋಜನಾ ಪುಸ್ತಕದೊಳಗೆ ಬರಬೇಕು. ಆ ಪುಸ್ತಕದ ಕರಡು ತಯಾರಾಗುವ ಹಂತದಲ್ಲಿ ಸ್ಥಳೀಯರು ಕಣ್ಣಿಡದಿದ್ದರೆ ಆಮೇಲೆ ಆಕ್ಷೇಪಕ್ಕೆ ಅವಕಾಶ ಕಿರಿದಾಗುತ್ತದೆ. ಹಾಗೆಂದು ವನ್ಯಜೀವಿ ಕಾಯ್ದೆಯ 33ನೇ ಕಲಮಿನ ತಡೆ ಹೋಗಿಲ್ಲ. ಎರಡೂ ಕಾನೂನುಗಳ ಬಾಗಿಲನ್ನು ಬೇರೆ ಬೇರೆಯಾಗಿಯೇ ದಾಟಬೇಕು. ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 19ರಂದು ನೀಡಿದ ಮಧ್ಯಂತರ ಆದೇಶವು, ಅರಣ್ಯ ಎಂಬ ಪದಕ್ಕೆ 1996ರ ತೀರ್ಪು ಕೊಟ್ಟಿದ್ದ ನಿಘಂಟಿನ ವಿಶಾಲ ಅರ್ಥವನ್ನೇ ಅನುಸರಿಸಬೇಕೆಂದು ಸೂಚಿಸಿತು.

ಅಮೆರಿಕದಲ್ಲಿ ಈ ಪ್ರಶ್ನೆಗೆ ಶತಮಾನದ ಹಿಂದೆಯೇ ಬೇರೆ ಉತ್ತರ ಕೊಡಲಾಗಿತ್ತು. 1915ರ ಕಾನೂನೊಂದು ಅಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ಖಾಸಗಿಯವರು ಬೇಸಿಗೆ ಮನೆ ಕಟ್ಟಿಕೊಳ್ಳಲು ಅವಧಿ ಪರವಾನಗಿ ನೀಡಿತು. ನೆಲ ಸರ್ಕಾರದ್ದು, ಮನೆ ಖಾಸಗಿಯವರದ್ದು. ಪರವಾನಗಿ ಸಾಮಾನ್ಯವಾಗಿ 20 ವರ್ಷಕ್ಕೆ, ಕಾಯಂ ವಾಸಕ್ಕೆ ಅವಕಾಶವಿಲ್ಲ. ಇಂದಿಗೂ ಸುಮಾರು 14 ಸಾವಿರ ಅಂಥ ಮನೆಗಳಿವೆ. ಭಾರತದ ಕಾನೂನಿನಲ್ಲಿ ಇಂಥದೊಂದು ವರ್ಗವೇ ಇಲ್ಲ. ಇಲ್ಲಿ ಕಾಡಿನೊಳಗಿನ ಋತುಮಾನದ ವಾಸಕ್ಕೆ ಮಾನ್ಯತೆ ಇರುವುದು ವಿಹಾರಕ್ಕಲ್ಲ, ಜೀವನೋಪಾಯಕ್ಕೆ.

ಕುರಿಗಾಹಿಯ ಬಿಡಾರಕ್ಕೆ ಹಕ್ಕಿದೆಯೇ?

ಆ ಮಾನ್ಯತೆ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಿಂದ. 2007ರ ಡಿಸೆಂಬರ್ 31ರಂದು ಜಾರಿಯಾದ ಈ ಕಾಯ್ದೆಯ 3(1)(ಡಿ) ಕಲಮು, ಒಂದೆಡೆ ನೆಲೆಸಿ ಮೇಯಿಸುವವರ ಮತ್ತು ವಲಸೆ ಹೋಗುತ್ತ ಮೇಯಿಸುವವರ ಹುಲ್ಲುಗಾವಲು ಹಕ್ಕನ್ನೂ, ಅಲೆಮಾರಿ ಹಾಗೂ ಪಶುಪಾಲಕ ಸಮುದಾಯಗಳು ಸಾಂಪ್ರದಾಯಿಕವಾಗಿ ಋತುಮಾನಕ್ಕೆ ತಕ್ಕಂತೆ ಅರಣ್ಯ ಸಂಪನ್ಮೂಲ ಬಳಸುವ ಹಕ್ಕನ್ನೂ ಸಮುದಾಯ ಹಕ್ಕುಗಳೆಂದು ಹೆಸರಿಸುತ್ತದೆ. ಅಭಯಾರಣ್ಯಗಳೂ ಈ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಹಕ್ಕು ಪರಿಶೀಲನೆಯ ಪ್ರಕ್ರಿಯೆ ಮುಗಿಯುವವರೆಗೆ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ ಎಂದು 4(5) ಕಲಮು ಹೇಳುತ್ತದೆ.

ಕಾಗದದ ಮೇಲೆ ಇದು ದೊಡ್ಡ ಹಕ್ಕು. ಅದನ್ನು ಸಾಬೀತುಪಡಿಸುವ ಹಾದಿಯಲ್ಲಿ ಮಾತ್ರ ಉತ್ತರ ಕರ್ನಾಟಕದ ಕುರುಬ ಕುರಿಗಾಹಿಗೆ ಹಲವು ತೊಡಕುಗಳಿವೆ. ಈ ಭಾಗದ ಕುರುಬರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಆದ್ದರಿಂದ ಅವರು 'ಇತರ ಸಾಂಪ್ರದಾಯಿಕ ಅರಣ್ಯವಾಸಿ' ಎಂಬ ವರ್ಗದಲ್ಲೇ ಅರ್ಜಿ ಹಾಕಬೇಕು. ಅದಕ್ಕೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷಗಳ ಅವಲಂಬನೆ ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಕಾಲದ ದಾಖಲೆಗಾಗಿ ಧಾರವಾಡದ ಕಡತಗಳ ಕಡೆಗೇ ನೋಡಬೇಕು. ವರ್ಷದಲ್ಲಿ ಎರಡು ತಿಂಗಳು ಒಂದು ಊರಲ್ಲಿ, ಮೂರು ತಿಂಗಳು ಮತ್ತೊಂದು ಊರಲ್ಲಿ ಕಳೆಯುವ ಕುಟುಂಬದ ಹೆಸರು ಯಾವ ಊರಿನ ಕಡತದಲ್ಲಿ ಸಿಕ್ಕೀತು?

ಕಾಯ್ದೆಯ ನಿಯಮಗಳು ಈ ಕಷ್ಟವನ್ನು ಅರೆಬರೆ ಊಹಿಸಿವೆ. ಸರ್ಕಾರಿ ದಾಖಲೆ ಇಲ್ಲದಿದ್ದರೆ ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ಪುರಾವೆಯಾಗಿ ಪರಿಗಣಿಸಬಹುದು. ಪಶುಪಾಲಕರ ಮತ್ತು ಅಲೆಮಾರಿಗಳ ಅರ್ಜಿಯನ್ನು ಅವರು ಅಥವಾ ಅವರ ಪ್ರತಿನಿಧಿಗಳು ಹಾಜರಿರುವ ಕಾಲದಲ್ಲೇ ಸ್ಥಳ ಪರಿಶೀಲನೆ ಮಾಡಬೇಕೆಂದು 12ನೇ ನಿಯಮ ಹೇಳುತ್ತದೆ. ಮಂದೆ ಊರು ಬಿಟ್ಟು ಹೋದ ಮೇಲೆ ಬಂದು 'ಇಲ್ಲಿ ಯಾರೂ ಇಲ್ಲ' ಎಂದು ಬರೆದುಕೊಂಡು ಹೋಗುವ ಪದ್ಧತಿಗೆ ಇದು ತಡೆ. ಅರ್ಜಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಿಂದ ಆರಂಭವಾಗಿ, ಉಪವಿಭಾಗ ಮಟ್ಟದ ಸಮಿತಿ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಸಿಕ್ಕ ಹಕ್ಕು ವಂಶಪಾರಂಪರ್ಯವಾಗಿ ಬರುತ್ತದೆ. ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಹಕ್ಕುಪತ್ರ ಇರುವವರಿಂದ ನೆಲ ಪಡೆದು ರೆಸಾರ್ಟ್ ಮಾಡುವ ಒಪ್ಪಂದಗಳಿಗೆ ಕಾನೂನಿನ ಬೆಂಬಲ ಸಿಗದು.

ವನ್ಯಜೀವಿ ಕಾಯ್ದೆಯೂ ಮೇಯಿಸುವುದನ್ನು ಸಾರಾಸಗಟಾಗಿ ಅಪರಾಧವೆಂದು ಹೇಳುವುದಿಲ್ಲ. 33(ಡಿ) ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ನಿಯಂತ್ರಿಸಬಹುದು ಅಥವಾ ನಿಷೇಧಿಸಬಹುದು; ಅವರು ಅನುಮತಿಸಿದ ಮೇಯಿಸುವಿಕೆ 29ನೇ ಕಲಮಿನ ನಿಷೇಧಕ್ಕೆ ಒಳಪಡುವುದಿಲ್ಲ. ಮೇಯಿಸಲು ಅನುಮತಿ ಸಿಕ್ಕಿತೆಂದರೆ ಒಳಗೆ ಬಿಡಾರ ಹೂಡಲೂ ಅನುಮತಿ ಸಿಕ್ಕಿತೆಂದು ತಿಳಿಯುವುದು ಮಾತ್ರ ತಪ್ಪಾಗುತ್ತದೆ. ಸಂಜೆ ಮಂದೆಯನ್ನು ಹೊರಗಿನ ಹೊಲಕ್ಕೆ ಹೊಡೆದು ತರುವುದೇ ಸುರಕ್ಷಿತ ದಾರಿ. ಹೊಲದ ಒಡೆಯನಿಗೂ ಅದರಿಂದ ಗೊಬ್ಬರದ ಲಾಭ.

2025ರಲ್ಲಿ ಈ ವಿಷಯ ರಾಜ್ಯಮಟ್ಟದಲ್ಲಿ ಕಾವೇರಿತು. ಮಲೆ ಮಹದೇಶ್ವರ ವನ್ಯಧಾಮದಲ್ಲಿ ಜೂನ್‌ನಲ್ಲಿ ಐದು ಹುಲಿಗಳು ವಿಷಪ್ರಾಶನದಿಂದ ಸತ್ತ ಬಳಿಕ, ಅರಣ್ಯದಲ್ಲಿ ಜಾನುವಾರು ಮೇಯಿಸುವುದನ್ನು ತಡೆಯುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಜುಲೈನಲ್ಲಿ ಅಧಿಕಾರಿಗಳಿಗೆ ಸೂಚಿಸಿದರು. ರೈತರು, ಪಶುಪಾಲಕರಿಂದ ವಿರೋಧ ವ್ಯಕ್ತವಾಯಿತು. ಅದೇ ವರ್ಷ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ಅವರ ಮೇಲಿನ ದೌರ್ಜನ್ಯ ತಡೆಗೆ ಸಂಬಂಧಿಸಿದ ವಿಧೇಯಕವೂ ರಾಜ್ಯ ಶಾಸನಸಭೆಯ ಮುಂದೆ ಬಂದಿತು. ಒಂದೇ ಸರ್ಕಾರದ ಒಂದು ಕೈ ಕುರಿಗಾಹಿಯನ್ನು ತಡೆದರೆ ಇನ್ನೊಂದು ಕೈ ಆಸರೆ ನೀಡಲು ಚಾಚಿತ್ತು.

ಗಡಿಯ ಹೊರಗಿನ ಒಂದು ಕಿಲೋಮೀಟರು

ಪಟ್ಟಾ ಜಮೀನಿನಲ್ಲಿ ಕಟ್ಟಡ ಕಟ್ಟುವವರನ್ನು ಗೊಂದಲಕ್ಕೆ ಈಡುಮಾಡಿರುವುದು ಪರಿಸರ ಸೂಕ್ಷ್ಮ ವಲಯ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಪ್ರತಿ ಸಂರಕ್ಷಿತ ಪ್ರದೇಶದ ಸುತ್ತಲೂ ಇಂಥ ವಲಯ ಗುರುತಿಸಲು ಕೇಂದ್ರ ಪರಿಸರ ಸಚಿವಾಲಯ 2011ರ ಫೆಬ್ರುವರಿ 9ರಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಚಟುವಟಿಕೆಗಳನ್ನು ನಿಷೇಧಿತ, ನಿಯಂತ್ರಿತ, ಅನುಮತಿಸಿದ ಎಂದು ಮೂರು ಭಾಗ ಮಾಡಲಾಗಿದೆ. ಗಣಿಗಾರಿಕೆ, ಕಲ್ಲು ಕ್ವಾರಿ, ಮಾಲಿನ್ಯಕಾರಿ ಕೈಗಾರಿಕೆಗಳು ಮೊದಲನೆಯದಕ್ಕೆ ಸೇರುತ್ತವೆ.

ಹೋಟೆಲ್, ರೆಸಾರ್ಟುಗಳು ನಿಯಂತ್ರಿತ ಪಟ್ಟಿಯಲ್ಲಿವೆ. ಬೇರೆ ಬೇರೆ ಅಭಯಾರಣ್ಯಗಳಿಗೆ ಹೊರಟ ಅಧಿಸೂಚನೆಗಳಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ಒಂದೇ ರೀತಿ ಮರುಕಳಿಸುತ್ತದೆ: ಸಂರಕ್ಷಿತ ಪ್ರದೇಶದ ಗಡಿಯಿಂದ ಒಂದು ಕಿ.ಮೀ. ಅಥವಾ ಸೂಕ್ಷ್ಮ ವಲಯದ ಅಂಚು, ಯಾವುದು ಹತ್ತಿರವೋ ಅಲ್ಲಿಯವರೆಗೆ ಹೊಸ ವಾಣಿಜ್ಯ ಹೋಟೆಲ್ ಮತ್ತು ರೆಸಾರ್ಟುಗಳಿಗೆ ಅನುಮತಿಯಿಲ್ಲ. ಪರಿಸರ ಪ್ರವಾಸೋದ್ಯಮದ ಸಣ್ಣ ತಾತ್ಕಾಲಿಕ ರಚನೆಗಳಿಗೆ ಮಾತ್ರ ವಿನಾಯಿತಿ. ಸ್ಥಳೀಯರು ತಮ್ಮ ಸ್ವಂತ ಜಮೀನಿನಲ್ಲಿ ಸ್ವಂತ ವಾಸಕ್ಕೆ ಮನೆ ಕಟ್ಟಿಕೊಳ್ಳುವುದಕ್ಕೆ, ಕಟ್ಟಡ ಉಪವಿಧಿಗಳಿಗೆ ಒಳಪಟ್ಟು, ಅಡ್ಡಿಯಿಲ್ಲ.

ಎಲ್ಲ ಜಗ್ಗಾಟವೂ 'ಸಣ್ಣ ತಾತ್ಕಾಲಿಕ ರಚನೆ' ಎಂಬ ಮಾತಿನ ಸುತ್ತ ನಡೆಯುತ್ತದೆ. ಎಷ್ಟು ಚದರ ಅಡಿಯಾದರೆ ಸಣ್ಣದು? ಎಷ್ಟು ತಿಂಗಳು ನಿಂತರೆ ತಾತ್ಕಾಲಿಕ? ಆ ಒಂದು ವಾಕ್ಯ ಉತ್ತರಿಸುವುದಿಲ್ಲ. ಅಧಿಸೂಚನೆ ಹೊರಟ ಎರಡು ವರ್ಷದೊಳಗೆ ರಾಜ್ಯ ಸರ್ಕಾರ ರೂಪಿಸಬೇಕಾದ ವಲಯ ಮಹಾಯೋಜನೆ ಮತ್ತು ಅದರ ಭಾಗವಾದ ಪ್ರವಾಸೋದ್ಯಮ ಯೋಜನೆಯಲ್ಲಿ ಇದು ಸ್ಪಷ್ಟವಾಗಬೇಕು. ಅಲ್ಲಿಯವರೆಗೆ ಪ್ರತಿ ಪ್ರಸ್ತಾವವೂ ಉಸ್ತುವಾರಿ ಸಮಿತಿಯ ವಿವೇಚನೆಗೆ ಬಿಟ್ಟದ್ದು. ಕಬ್ಬಿಣದ ಚೌಕಟ್ಟಿನ ಮೇಲೆ ಕೂಡಿಸಿದ, ಒಳಗೆ ಹವಾನಿಯಂತ್ರಣ, ಹೊರಗೆ ಈಜುಕೊಳ ಇರುವ 'ಟೆಂಟ್' ಒಂದನ್ನು ಬಿಚ್ಚಬಹುದೆಂಬ ಒಂದೇ ಕಾರಣಕ್ಕೆ ತಾತ್ಕಾಲಿಕ ಎನ್ನುವುದು ಪದಕ್ಕೆ ಮಾಡುವ ಅನ್ಯಾಯ.

ಒಂದು ಕಿ.ಮೀ. ಎಂಬ ಅಂಕಿಯ ಬಗ್ಗೆ ಇನ್ನೊಂದು ಗೊಂದಲವೂ ಇದೆ. 2022ರ ಜೂನ್ 3ರಂದು ಸುಪ್ರೀಂ ಕೋರ್ಟ್ ಪ್ರತಿ ಸಂರಕ್ಷಿತ ಅರಣ್ಯದ ಸುತ್ತ ಕನಿಷ್ಠ ಒಂದು ಕಿ.ಮೀ. ಸೂಕ್ಷ್ಮ ವಲಯ ಕಡ್ಡಾಯವೆಂದಿತು. 2023ರ ಏಪ್ರಿಲ್ 26ರಂದು ಅದನ್ನು ಮಾರ್ಪಡಿಸಿ, ಕರಡು ಅಥವಾ ಅಂತಿಮ ಅಧಿಸೂಚನೆ ಹೊರಟಿರುವ ಕಡೆ ಆ ನಿರ್ದೇಶನ ಅನ್ವಯಿಸದು ಎಂದಿತು. ಗಣಿಗಾರಿಕೆಗೆ ಮಾತ್ರ ಒಂದು ಕಿ.ಮೀ. ನಿಷೇಧ ಮುಂದುವರಿಯಿತು. ಹಾಗಾಗಿ ತನ್ನ ಸರ್ವೆ ನಂಬರು ವಲಯದೊಳಗೆ ಬರುತ್ತದೆಯೇ ಎಂಬುದನ್ನು ಆಯಾ ಅಭಯಾರಣ್ಯದ ಗೆಜೆಟ್ ಅಧಿಸೂಚನೆಯ ನಕ್ಷೆ ಮತ್ತು ಗ್ರಾಮಪಟ್ಟಿಯಿಂದಲೇ ತಿಳಿಯಬೇಕು. ಅಂದಾಜಿನ ಲೆಕ್ಕ ನಡೆಯದು.

ಹೊಲದ ಮನೆ, ಅಟ್ಟಣೆ

ಸ್ವಂತ ಹೊಲದಲ್ಲಿ ಬೆಳೆ ಕಾಯಲು ಅಟ್ಟಣೆ ಕಟ್ಟುವುದಕ್ಕೆ, ಬ್ಯಾಡಗಿ ಕಡೆಯ ರೈತರು ಮೆಣಸಿನಕಾಯಿ ಒಣಗಿಸುವ ಕಣದ ಪಕ್ಕ ನೆರಳು ಹಾಕಿಕೊಳ್ಳುವುದಕ್ಕೆ ಅರಣ್ಯ ಕಾನೂನು ಅಡ್ಡ ಬರುವುದಿಲ್ಲ. ಚಿಗರಿ ಹಿಂಡು ರಾತ್ರೋರಾತ್ರಿ ಗೋವಿನಜೋಳದ ಮೊಳಕೆ ಮೇಯ್ದುಹೋದರೆ ಅದು ರೈತನ ಇಡೀ ಹಂಗಾಮಿನ ಪ್ರಶ್ನೆ. ಆದರೆ ಕೃಷ್ಣಮೃಗ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಬೇಲಿಗೆ ನೇರ ವಿದ್ಯುತ್ ಹರಿಸಿ ಅದು ಸತ್ತರೆ ಬೇಟೆಯ ಪ್ರಕರಣ ದಾಖಲಾಗುತ್ತದೆ, ಕನಿಷ್ಠ ಮೂರು ವರ್ಷ ಸಜೆಗೆ ದಾರಿಯಾಗುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು.

ಹೊಲದಲ್ಲಿ ಮನೆ ಕಟ್ಟುವುದಕ್ಕೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮು ಅನ್ವಯಿಸುತ್ತದೆ. ಕೃಷಿಕ ತನ್ನ ಹಿಡುವಳಿಯ ಶೇ 10ಕ್ಕೆ ಮೀರದಷ್ಟು ಜಾಗದಲ್ಲಿ ತೋಟದ ಮನೆ ಕಟ್ಟಿಕೊಳ್ಳಬಹುದು. ಕೃಷಿಕನ ವಾಸ, ಸಲಕರಣೆ, ದನಕರುಗಳಿಗಾಗಿ ಇರುವ ಈ ಮನೆಯನ್ನು ವಾಣಿಜ್ಯ ಚಟುವಟಿಕೆಗೆ ಬಾಡಿಗೆ ಕೊಡುವಂತಿಲ್ಲ. 'ತೋಟದ ಮನೆ' ಎಂದು ಕಟ್ಟಿ ವಾರಾಂತ್ಯದ ಅತಿಥಿಗಳಿಗೆ ಕೊಡುವ ಪದ್ಧತಿ ಇಲ್ಲಿಯೇ ಎಡವುತ್ತದೆ. ವಾಣಿಜ್ಯ ಕಾಟೇಜಿಗೆ ಭೂಪರಿವರ್ತನೆ ಬೇಕು, ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ ಬೇಕು, ಸೂಕ್ಷ್ಮ ವಲಯದಲ್ಲಿದ್ದರೆ ಮೇಲೆ ಹೇಳಿದ ಸಮಿತಿಯ ಸಮ್ಮತಿಯೂ ಬೇಕು.

ಪಹಣಿ ನೋಡಿದರೆ ಸಾಲದು

ಈ ಜಿಲ್ಲೆಯಲ್ಲಿ ಯಾವುದು ಅರಣ್ಯ, ಯಾವುದು ಊರಿನ ಹುಲ್ಲುಬನ್ನಿ ಎಂಬ ಜಗಳಕ್ಕೆ ಹಳೆಯ ಇತಿಹಾಸವಿದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್‌ಗೆ ನೀಲಗಿರಿ ಮರ ಒದಗಿಸಲು ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ 1984ರಲ್ಲಿ ಸ್ಥಾಪನೆಯಾಯಿತು. ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಅದಕ್ಕೆ ಗೇಣಿಗೆ ಕೊಡುವ ಯೋಜನೆ ಅದು. ಇದನ್ನು ವಿರೋಧಿಸಿ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮುಂದೆ ಆ ಕಂಪನಿಯೇ ಮುಚ್ಚಿತು.

ಜಾಗ ಕೊಳ್ಳುವವರಿಗೆ ಈ ಇತಿಹಾಸ ಅಪ್ರಸ್ತುತವಲ್ಲ. ಕಂದಾಯ ದಾಖಲೆಯಲ್ಲಿ ಗೋಮಾಳ ಅಥವಾ ಖರಾಬು ಎಂದಿರುವ ನೆಲ ಅರಣ್ಯ ಇಲಾಖೆಯ ಅಧಿಸೂಚನೆಯಲ್ಲಿ ಮೀಸಲು ಅರಣ್ಯವಾಗಿರಬಹುದು; ಪರಿಭಾವಿತ ಅರಣ್ಯದ ಪಟ್ಟಿಯಲ್ಲೂ ಇರಬಹುದು. ಈ ಪಟ್ಟಿಯನ್ನು ರಾಜ್ಯ ಸರ್ಕಾರ 2022ರಲ್ಲಿ 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷ ಹೆಕ್ಟೇರಿಗೆ ಇಳಿಸಿದೆ. ಜಾಗದಲ್ಲಿ ನಿಂತು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ನೋಡುವುದು ಮೊದಲ ಹೆಜ್ಜೆ. ನಂತರ ಪಹಣಿ, ಆಕಾರಬಂದು, ಕೊನೆಗೆ ಹಾವೇರಿಯ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಯಿಂದ ಲಿಖಿತ ಹಿಂಬರಹ. ಬಾಯಿಮಾತಿನ 'ತೊಂದರೆ ಇಲ್ಲ' ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅಧಿಸೂಚನೆ ಹೊರಟ ಮೇಲೆ ಅಭಯಾರಣ್ಯದೊಳಗಿನ ಜಮೀನಿನಲ್ಲಿ ವಾರಸುದಾರಿಕೆಯ ಮೂಲಕವಲ್ಲದೆ ಹೊಸ ಹಕ್ಕು ಪಡೆಯುವಂತಿಲ್ಲ ಎಂದು ವನ್ಯಜೀವಿ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಅಂಥ ಜಮೀನಿನ ಖರೀದಿ ಪತ್ರಕ್ಕೆ ಕೊಟ್ಟ ಹಣ ಹಳ್ಳಕ್ಕೆ ಸುರಿದಂತೆ.

ಬಂಕಾಪುರದ ನವಿಲುಗಳು

ಜಿಲ್ಲೆಯ ಇನ್ನೊಂದು ಸಂರಕ್ಷಿತ ತಾಣ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗಿನ 139 ಎಕರೆಯ ನವಿಲುಧಾಮ. ಕೊಪ್ಪಳ ಜಿಲ್ಲೆಯಲ್ಲಿ ತೋಳಗಳಿಗಾಗಿ ಹೆಸರಾದ ಬಂಕಾಪುರವೇ ಬೇರೆ. 2006ರಲ್ಲಿ ಘೋಷಣೆಯಾದ ಇದು ಅಭಯಾರಣ್ಯವಲ್ಲ, ಸಂರಕ್ಷಣಾ ಮೀಸಲು ಪ್ರದೇಶ. ಆದ್ದರಿಂದ ವನ್ಯಜೀವಿ ಕಾಯ್ದೆಯ ಎಲ್ಲ ಕಲಮುಗಳೂ ಇಲ್ಲಿ ಅನ್ವಯಿಸುವುದಿಲ್ಲ. ಬೆಂಕಿ, ವಿಷವಸ್ತುಗಳ ನಿಷೇಧ ಸೇರಿ ಕೆಲವು ಮಾತ್ರ. ಆದರೂ ಇಲ್ಲಿ ಪ್ರವಾಸಿ ಕೋಣೆ ಕಟ್ಟುವುದು ಸುಲಭವಲ್ಲ. ಕೋಟೆಯೊಳಗಿನ ನಗರೇಶ್ವರ ದೇಗುಲ, ಅರವತ್ತು ಕಂಬದ ಗುಡಿ ಎಂದು ಜನ ಕರೆಯುವುದು, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕೋಟೆಯೊಳಗೆ ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರವೂ ಇದೆ. ದನಗಳಿಗಾಗಿ ಬೆಳೆಸಿದ ಮೇವಿನ ನಡುವೆಯೇ ನವಿಲುಗಳು ತಲೆಮಾರುಗಳಿಂದ ಮೊಟ್ಟೆಯಿಟ್ಟು ಮರಿ ಮಾಡುತ್ತ ಬಂದಿವೆ.